ಅಜ್ಜಿಯ ಹಿತ್ತಿಲಲ್ಲಿ ನಾನು ಪಡೆದ ಸ್ಫೂರ್ತಿ

ಕನ್ನಡ ಕಾವ್ಯದ ದಿಕ್ಕನ್ನೇ ಬದಲಾಯಿಸಿಬಿಡಬೇಕೆಂದು ನಾನು ತೀರ್ಮಾನಿಸಿದ್ದು ಸಾವಿರದ ಒಂಬೈನೂರ ಐವತ್ತೊಂಬತ್ತರ ಶ್ರಾವಣದಲ್ಲಿ, ಒಂದು ಗುರುವಾರ ಮಧ್ಯಾಹ್ನ ಮೂರು ಗಂಟೆಗೆ, ದಾವಣಗೆರೆಯ ಒಂದು ಹತ್ತಿ ಗಿರಣಿಯ ಆಫೀಸಿನಲ್ಲಿ ಕೂತು ಬೇಲುಗಳಿಗೆ ಅಂಟಿಸುವ ಚೀಟಿ ಬರೆಯುತ್ತಿದ್ದಾಗ. ಈ ಮಹತ್ಕಾರ್ಯಕ್ಕೆ ನನಗೆ ಬೇಕಾಗಿದ್ದದ್ದು ಎರಡೇ ಎರಡು. ಮೂರು ದಿನದ ರಜೆ, ಮತ್ತು ಒಂದು ತೋಟ!

ತೋಟ ಯಾಕೆ ಎನ್ನುತ್ತೀರಾ? ಒಂದು ವಾರಪತ್ರಿಕೆಯವರು ದೀಪಾವಳಿ ಸಂಚಿಕೆಗೆ ಕವನ ಸ್ಪರ್ಧೆ ಇಟ್ಟಿದ್ದರು. ವಿಷಯ, ಪ್ರಕೃತಿ. ನಾನು ಅಲ್ಲಿಯವರೆಗೆ ನೂರ ಹದಿನಾಲ್ಕು ಕವನ ಬರೆದಿದ್ದೆ, ಅದರಲ್ಲಿ ತೊಂಬತ್ತು ಪ್ರಕೃತಿಯ ಮೇಲೆಯೇ. ಎಲ್ಲವೂ ಎಷ್ಟು ಭದ್ರವಾಗಿ ಹೋಗಿದ್ದವೋ ಅಷ್ಟೇ ಭದ್ರವಾಗಿ ಹಿಂದಿರುಗಿ ಬಂದಿದ್ದವು. ಕೊನೆಯ ಸಲ ಸಂಪಾದಕರು ಜೊತೆಗೊಂದು ಸಾಲು ಬರೆದಿದ್ದರು: 'ತಾವು ಒಮ್ಮೆ ಮನೆಯಿಂದ ಹೊರಗೆ ಹೋಗಿ ಗಿಡಮರಗಳನ್ನು ನೋಡಿ ಬಂದು ಬರೆದರೆ ಒಳ್ಳೆಯದು.' ಇದನ್ನು ನಾನು ಪ್ರೋತ್ಸಾಹವೆಂದು ತಿಳಿದು ಹೊರಗೆ ಹೋಗಿ ನೋಡಿದೆ. ನಮ್ಮ ಓಣಿಯ ಈ ತುದಿಯಲ್ಲಿ ಮಂಡಕ್ಕಿ ಭಟ್ಟಿಯ ಹೊಗೆ, ಆ ತುದಿಯಲ್ಲಿ ಗಿರಣಿ ಚಿಮಣಿಯ ಹೊಗೆ. ನಡುವೆ ಪ್ರಕೃತಿ ಅಂತ ಇದ್ದದ್ದು ಎದುರು ಮನೆಯವರ ಒಂದು ಎಮ್ಮೆ. ಅದರ ಮೇಲೆ ಆಗಲೇ ಎರಡು ಕವನ ಬರೆದಾಗಿತ್ತು.

ಅದೇ ಸಂಜೆ ಹರಿಹರದಿಂದ ಚಿಕ್ಕಪ್ಪನ ಕಾಗದ ಬಂತು. ಅಜ್ಜಿಗೆ, ಅಂದರೆ ನಮ್ಮ ತಂದೆಯ ತಾಯಿ ಅನ್ನಪೂರ್ಣಮ್ಮನಿಗೆ, ಉಬ್ಬಸ ಹೆಚ್ಚಾಗಿ ಜ್ವರವೂ ಬಂದಿದೆ. ಡಾಕ್ಟರು ಹಾಸಿಗೆ ಬಿಟ್ಟು ಏಳಕೂಡದು, ಹೊತ್ತಿಗೆ ಸರಿಯಾಗಿ ಉಂಡು ಮಾತ್ರೆ ನುಂಗಬೇಕು ಅಂದಿದ್ದಾರೆ. ಆಕೆ ಕೇಳುವುದಿಲ್ಲ, ಕಣ್ಣು ತಪ್ಪಿಸಿ ಹಿತ್ತಿಲಿಗೆ ಹೋಗಿ ಗಿಡಕ್ಕೆ ನೀರು ಹಾಕುತ್ತಾಳೆ. ಚಿಕ್ಕಪ್ಪ ಚಿಕ್ಕಮ್ಮ ಬೀಗರ ಮನೆ ಗೃಹಪ್ರವೇಶಕ್ಕೆ ಮಾಯಕೊಂಡಕ್ಕೆ ಹೋಗಲೇಬೇಕು. ಮೂರು ದಿನ ಯಾರಾದರೂ ಬಂದು ಹಿತ್ತಿಲು ನೋಡಿಕೊಂಡರೆ ಅಜ್ಜಿ ಹಾಸಿಗೆಯಲ್ಲಿ ಇದ್ದಾಳು.

ಓದಿ ನಾನು ಹಾರಿ ಕುಣಿಯುವುದೊಂದು ಬಾಕಿ! ಅಜ್ಜಿಯ ಸೇವೆ, ತೋಟದ ಕೆಲಸ, ಕಾವ್ಯಕ್ಕೆ ಸ್ಫೂರ್ತಿ, ಮೂರೂ ಒಂದೇ ಟಿಕೀಟಿನಲ್ಲಿ! ಆಫೀಸಿನಲ್ಲಿ ರಜೆ ಅರ್ಜಿ ಬರೆದೆ. 'ಕಾರಣ: ಅಜ್ಜಿಯ ಅನಾರೋಗ್ಯ ಹಾಗೂ ಕನ್ನಡ ಸಾಹಿತ್ಯದ ಏಳಿಗೆ.' ನಮ್ಮ ಹೆಡ್ ಕ್ಲಾರ್ಕ್ ಬಕ್ಕೇಶಪ್ಪನವರು ಎರಡನೆಯ ಕಾರಣಕ್ಕೆ ಕೆಂಪು ಮಸಿಯಲ್ಲಿ ಗೆರೆ ಎಳೆದು, ಮೊದಲನೆಯದಕ್ಕೆ ರಜೆ ಕೊಟ್ಟರು.

ನನ್ನ ಹೆಂಡತಿ ಶಕುಂತಲಾ ಮಾತ್ರ ಒಲೆಯ ಮುಂದಿನಿಂದ ಎದ್ದು ಬಂದು, ಸೆರಗಿನಲ್ಲಿ ಕೈ ಒರೆಸುತ್ತ ನನ್ನನ್ನೇ ನೋಡಿದಳು.

"ತೋಟದ ಕೆಲಸ, ನೀವಾ?"

"ಯಾಕೆ, ನನಗೇನು ಕೈಕಾಲಿಲ್ಲವಾ?"

"ಅದಾವೆ. ಹೋದ ತಿಂಗಳು ಡಬ್ಬದಾಗ ಕೊತ್ತಂಬರಿ ಹಾಕಿ, ಒಂಚೂರು ನೀರು ಚಿಮುಕಿಸ್ರಿ ಅಂದ್ರೆ ಹಂಡೆಯಾಗಿಂದು ಬಿಸಿನೀರು ಹಾಕಿದ್ರಿ."

"ಚಳಿ ಇತ್ತು ಕಣೇ ಅವತ್ತು."

ಅವಳು ವಾದಕ್ಕೆ ನಿಲ್ಲಲಿಲ್ಲ. ನನ್ನ ಚೀಲಕ್ಕೆ ಟವಲು ತುರುಕುತ್ತ ಒಂದೇ ಮಾತು ಹೇಳಿದಳು. "ಅಜ್ಜಿ ಹೇಳಿದ್ದಷ್ಟು ಮಾಡ್ರಿ ಸಾಕು. ಹೇಳದೇ ಇರೋದು ಏನೂ ಮಾಡಬ್ಯಾಡ್ರಿ." ಕವಿಗೆ ಹೆಂಡತಿ ಇಂಥ ಮಾತು ಹೇಳುವುದು ಲೋಕರೂಢಿ ಎಂದುಕೊಂಡು ನಾನು ಟವಲಿನ ಮೇಲೆ ನೋಟುಬುಕ್ಕು ಇಟ್ಟೆ.

ಭಾನುವಾರ ಬೆಳಗಿನ ಪ್ಯಾಸೆಂಜರಿನಲ್ಲಿ ಹರಿಹರಕ್ಕೆ ಇಳಿದೆ. ಹೊಸ ನೋಟುಬುಕ್ಕು, ಫೌಂಟನ್ ಪೆನ್ನು, ಒಂದು ಸೀಸೆ ಮಸಿ, ತೋಟದ ಕೆಲಸಕ್ಕೆಂದೇ ಇಸ್ತ್ರಿ ಮಾಡಿಸಿದ ಬಿಳೀ ಜುಬ್ಬ! ಬಾಗಿಲು ತೆರೆದವಳು ಅಂಜಿನವ್ವ. ನಲವತ್ತು ವರ್ಷದಿಂದ ಆ ಮನೆಯ ಕಸಮುಸುರೆ ಅವಳದೇ, ಅಜ್ಜಿಯನ್ನು ಗದರಿಸುವ ಅಧಿಕಾರ ಇರುವುದೂ ಅವಳೊಬ್ಬಳಿಗೇ. ಅಜ್ಜಿ ನಡುಮನೆಯ ಮಂಚದ ಮೇಲೆ ಒರಗಿದ್ದಳು. ಉಸಿರು ಎಳೆದೆಳೆದು ಬಿಡುತ್ತಿದ್ದಳು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಕಣ್ಣು ಮಾತ್ರ ಎಂದಿನ ಹಾಗೆ ಚುರುಕು. ನನ್ನ ಜುಬ್ಬ ನೋಡಿ, ಯಾರದ್ದಾದರೂ ಮದುವೆ ಇದೆಯೇನೋ ಎಂದು ಕೇಳಿದಳು.

ನೀರು ಕೊಡುತ್ತ ಅಂಜಿನವ್ವ ಮನೆಯ ಕಟ್ಟಳೆ ತಿಳಿಸಿದಳು. ಅಜ್ಜಿ ಈ ಶ್ರಾವಣಕ್ಕೆ ಒಂದು ಹರಕೆ ಹೊತ್ತಿದ್ದಾಳೆ. ತಿಂಗಳು ಪೂರ್ತಿ, ದಿನಾ ಬೆಳಿಗ್ಗೆ ನೂರಾ ಎಂಟು ತುಂಬೆ ಹೂವು ಏರಿಸಿ ಲಿಂಗಪೂಜೆ. ಹೂವು ತನ್ನ ಕೈಯಾರೆ ನೀರುಣಿಸಿ ಬೆಳೆಸಿದ ಗಿಡದ್ದೇ ಆಗಬೇಕು. ಹೂವು ಏರದೆ ಬಾಯಿಗೆ ತುತ್ತಿಲ್ಲ, ತುತ್ತಿಲ್ಲದೆ ಮಾತ್ರೆ ಇಲ್ಲ. ಆ ಗಿಡಗಳಿಗೆ ಸೊಂಟ ಬಗ್ಗಿಸಿ ಮಳೆಯಲ್ಲಿ ನೆನೆದೇ ಈ ಉಬ್ಬಸ ಕೆರಳಿದ್ದು. ಹದಿನೈದು ದಿನ ನಡೆದಿದೆ, ಇನ್ನು ಹದಿನೈದು ದಿನ ಬಾಕಿ.

"ದಿನಾ ನಸುಕಿಗೇ ಒಂದೂ ಬಿಡದಂಗೆ ಬಿಡಿಸಿಕೊಂಡು ಬರ್ತೀನಿ ಅಣ್ಣಾರೆ. ನೀವು ಆ ಮಡಿ ತುಳಿಯದಂಗೆ ಓಡಾಡ್ರಿ," ಅಂದಳು.

ನನಗೆ ನಗು ಬಂತು. ತುಂಬೆಯ ವಿಚಾರ ನನಗೆ ಹೇಳುವುದೇ? ನನ್ನ ನೂರ ಹದಿನಾಲ್ಕು ಕವನಗಳಲ್ಲಿ ತುಂಬೆ ಹೂವು ಹದಿನೇಳು ಕಡೆ ಬಂದಿದೆ! ತುಂಬೆಯಂಥ ನಗೆ, ತುಂಬೆಯಂಥ ಬೆಳಗು, ತುಂಬೆಯಂಥ ಶಿಶು! ಒಂದರಲ್ಲಂತೂ ಹೆಂಡತಿಯ ಹಲ್ಲನ್ನೇ ತುಂಬೆ ಅಂದಿದ್ದೆ. ಅಂಜಿನವ್ವನಿಗೆ ಇದೆಲ್ಲ ಹೇಳಿ ಪ್ರಯೋಜನವಿಲ್ಲವೆಂದು ಗಂಭೀರವಾಗಿ ತಲೆ ಆಡಿಸಿದೆ.

ಅಜ್ಜಿ ನನಗೆ ವಹಿಸಿದ ಕೆಲಸ ಇಷ್ಟೇ: ಹರಕೆಗೆಂದು ಆಕೆ ಕೈಮುಟ್ಟಿ ಕೊಟ್ಟ ಕೊಡದಲ್ಲಿ ಬಾವಿಯಿಂದ ಎರಡು ಕೊಡ ನೀರು ಸೇದಿ ಗಿಡಗಳ ಬುಡಕ್ಕೆ ಹಾಕುವುದು, ಪಕ್ಕದ ಮನೆ ಆಡು ಗೋಡೆ ಹಾರಿ ಬಂದರೆ ಓಡಿಸುವುದು. ಕನ್ನಡ ಕಾವ್ಯದ ದಿಕ್ಕು ಬದಲಿಸಲು ಬಂದವನಿಗೆ ಎರಡು ಕೊಡ ನೀರು! ಊಟ ಮುಗಿಸಿ ಅಂಜಿನವ್ವ ತನ್ನ ಮನೆಗೆ ಹೋದಳು. ಅಜ್ಜಿ ಮಾತ್ರೆ ನುಂಗಿ ಮಲಗಿದಳು. ನಾನು ಜುಬ್ಬದ ತೋಳು ಮಡಚಿ ಹಿತ್ತಿಲಿಗೆ ಇಳಿದೆ.

ಮೊದಲ ಕೆಲಸವಾಗಿ ತುಂಬೆ ಗಿಡವನ್ನು ಹುಡುಕಿದೆ. ಅದನ್ನು ಕಾಪಾಡುವುದು ನನ್ನ ಹೊಣೆಯಲ್ಲವೇ? ಮೂಲೆಯಲ್ಲಿ ನನ್ನ ಎದೆಯೆತ್ತರ ಒಂದು ಗಿಡ. ಕರೀ ಹಸಿರು ಎಲೆ, ಅಲ್ಲಲ್ಲಿ ಅಚ್ಚ ಬಿಳಿ ಹೂವು. ನೋಡಿದ ಕೂಡಲೇ ಗುರುತು ಹತ್ತಿತು. ಇಷ್ಟು ಚೆಲುವಾದದ್ದು ತುಂಬೆಯಲ್ಲದೆ ಇನ್ನೇನು! ದೂರದಿಂದಲೇ ಕೈಮುಗಿದೆ. ಎರಡಲ್ಲ, ನಾಲ್ಕು ಕೊಡ ನೀರು ಹಾಕಿದೆ. ಸುತ್ತ ಕಲ್ಲು ಜೋಡಿಸಿ ಕಾವಲು ಕಟ್ಟಿದೆ.

ಆಮೇಲೆ ಉಳಿದ ಹಿತ್ತಿಲಿನ ಮೇಲೆ ಕಣ್ಣು ಹಾಯಿಸಿದರೆ ಎದೆ ಒಡೆಯಿತು. ಪಾಪ, ಹಾಸಿಗೆ ಹಿಡಿದ ಮುದುಕಿ, ಯಾರು ನೋಡಬೇಕು? ಬಾವಿಯ ಪಕ್ಕ ಮಂಚದಗಲ ಜಾಗದ ತುಂಬ ಮೊಣಕಾಲೆತ್ತರದ ಕಳೆ! ಬಡಕಲು ಕಾಂಡ, ಸಣ್ಣ ಸಣ್ಣ ಎಲೆ, ಗಿಣ್ಣು ಗಿಣ್ಣಿಗೆ ಬೋಳು ಬೋಳಾದ ಹಸಿರು ಗುಂಡು. ಒಂದು ಹೂವಿಲ್ಲ, ಒಂದು ಕಾಯಿಲ್ಲ. ಅದೂ ಎಂಥ ಉದ್ಧಟ ಕಳೆ ಅಂತೀರಿ, ಸಾಲು ಹಿಡಿದು ನಿಂತಿತ್ತು! ನಮ್ಮ ಗಿರಣಿಯ ಆಳುಗಳು ಹಾಜರಿಗೂ ಅಷ್ಟು ನೇರವಾಗಿ ನಿಲ್ಲುವುದಿಲ್ಲ. ಕಳೆಗೆ ಈ ಶಿಸ್ತು ಎಲ್ಲಿಂದ ಬಂತು ಎಂದು ನನಗೆ ಒಂದು ಕ್ಷಣವಾದರೂ ಅನುಮಾನ ಬರಬೇಕಿತ್ತು. ಬಂದದ್ದು ಸ್ಫೂರ್ತಿ!

ಹೌದು ಸ್ವಾಮಿ, ಮೊದಲ ಗಿಡ ಕಿತ್ತ ಕೂಡಲೇ ಮೊದಲ ಸಾಲು ಬಂತು. ಎರಡನೆಯ ಗಿಡಕ್ಕೆ ಎರಡನೆಯ ಸಾಲು. ಹಿಂದಿನ ದಿನ ಮಳೆ ಬಿದ್ದು ನೆಲ ಮೆತ್ತಗಿತ್ತು, ಬೇರು ಮಣ್ಣು ಸಮೇತ ಕಿತ್ತುಬರುತ್ತಿತ್ತು. ಕಿತ್ತದ್ದನ್ನು ಹಿತ್ತಿಲ ಮೋಟುಗೋಡೆಯ ಆಚೆಗೆ ಎಸೆದೆ. ಅಲ್ಲಿ ಪಕ್ಕದ ಮನೆ ರಹಮತ್ ಬೀಯ ಅಂಗಳ, ಅವಳಿಗೆ ನಾಲ್ಕು ಆಡು. ಮೂಕಪ್ರಾಣಿಗಳಿಗೆ ಮೇವಾಯಿತು, ನನಗೆ ಪುಣ್ಯವಾಯಿತು! ಕೀಳುತ್ತ, ಎಸೆಯುತ್ತ, ಗಟ್ಟಿಯಾಗಿ ಹಾಡುತ್ತ ಹೋದೆ. ನಡುವೆ ಒಮ್ಮೆ ಎಲ್ಲಿಂದಲೋ ಹೆಣ್ಣುದನಿಯೊಂದು ಕೂಗಿದ ಹಾಗಾಯಿತು. ಕಾವ್ಯದೇವಿಯೇ ಕರೆಯುತ್ತಿದ್ದಾಳೆಂದು ಮೈ ಜುಮ್ಮೆಂದಿತು. ಅವಳನ್ನು ನಿರಾಸೆಗೊಳಿಸಬಾರದೆಂದು ಇನ್ನಷ್ಟು ಬಿರುಸಾಗಿ ಕಿತ್ತೆ.

ನಾಲ್ಕೂವರೆಗೆಲ್ಲ ಬಾವಿಯ ಪಕ್ಕದ ನೆಲ ನುಣ್ಣಗೆ, ಬಾಣಲೆ ತೊಳೆದಿಟ್ಟ ಹಾಗಾಗಿತ್ತು. ಕೈ ತೊಳೆದು ಜಗುಲಿಯ ಮೇಲೆ ಕೂತು ನೋಟುಬುಕ್ಕು ತೆಗೆದೆ.

'ಕಿತ್ತೆಸೆದೆ ಕಳೆಯೆಲ್ಲ, ಕಳೆಯಿತೋ ಕತ್ತಲೆಯು,
ಎತ್ತಲೂ ತುಂಬೆ ಹೂ ಬಿರಿವ ಬೆಳಗು!'

ಹೀಗೆ ಹನ್ನೆರಡು ನುಡಿ. ಮೂರನೆಯ ನುಡಿಯ ಪ್ರಾಸ ಸಿಕ್ಕುತ್ತಿದ್ದ ಘಳಿಗೆಯಲ್ಲೇ ಮುಂಬಾಗಿಲ ಹತ್ತಿರ ಯಾರೋ ಹೆಂಗಸು 'ಅಮ್ಮಾ' ಎಂದು ಕರೆದಳು. ತಲೆ ಎತ್ತದೆಯೇ, ಅಮ್ಮ ಮಲಗಿದ್ದಾರೆ, ನಾಳೆ ಬಾ ಎಂದು ಸಾಗಹಾಕಿದೆ. ತುಂಬೆ ಹೂವು ಹದಿನೆಂಟನೆಯ ಸಲ ನನ್ನ ಕಾವ್ಯಕ್ಕೆ ಬಂದದ್ದು ಹೀಗೆ.

ದೀಪ ಹಚ್ಚುವ ಹೊತ್ತಿಗೆ ಅಜ್ಜಿ ಎದ್ದಾಗ ಪೂರ್ತಿ ಕವನ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದಳು. ಅಥವಾ ಕಣ್ಣು ಮುಚ್ಚಿಕೊಂಡಿದ್ದಳು, ಅಷ್ಟು ಮಾತ್ರ ಖಚಿತ.

"ಅಂತೂ ಹಿತ್ತಿಲು ಹಸನು ಮಾಡಿದಿ. ತುಂಬೆ ಹೆಂಗೈತೆ?"

"ನಾಲ್ಕು ಕೊಡ ನೀರು ಹಾಕೀನಿ ಅಜ್ಜಿ. ನನ್ನ ಎದೆಮಟ್ಟ ನಿಂತೈತೆ."

"ಎದೆಮಟ್ಟನಾ?" ಎಂದು ಅಜ್ಜಿ ಒಂದು ಸಲ ಕಣ್ಣು ಬಿಟ್ಟಳು. ಜ್ವರದಲ್ಲಿ ಕಿವಿಗೂ ಏನೇನೋ ಕೇಳುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಗೋಡೆ ಕಡೆ ಹೊರಳಿದಳು.

ಮರುದಿನ ಶ್ರಾವಣ ಸೋಮವಾರ. ನಾನು ಏಳುವ ಹೊತ್ತಿಗೆ ಅಜ್ಜಿಯ ಸ್ನಾನವಾಗಿತ್ತು. ಒದ್ದೆ ತಲೆಗೆ ಬಟ್ಟೆ ಸುತ್ತಿಕೊಂಡು, ಮಣೆಯ ಮೇಲೆ ಕೂತು, ವಿಭೂತಿ ಹಚ್ಚಿಕೊಂಡು ಹೂವಿಗೆ ಕಾಯುತ್ತಿದ್ದಳು. ಅಂಜಿನವ್ವ ಬುಟ್ಟಿ ಹಿಡಿದು ಹಿತ್ತಿಲಿಗೆ ಹೋದವಳು ಬರಿಗೈಲಿ ಬಂದು ನನ್ನ ಮುಂದೆ ನಿಂತಳು. ತುಂಬೆ ಎಲ್ಲಿ ಎಂದು ಕೇಳಿದಳು. ವಯಸ್ಸಾಯಿತು, ಕಣ್ಣು ಮಂದವಾಗಿದೆ ಎಂದು ಕನಿಕರಪಟ್ಟು ಕೈ ಹಿಡಿದು ಕರೆದುಕೊಂಡು ಹೋಗಿ, ನಾನು ಕಲ್ಲು ಜೋಡಿಸಿ ಕಾವಲು ಕಟ್ಟಿದ ಗಿಡ ತೋರಿಸಿದೆ. ಅಂಜಿನವ್ವ ಗಿಡವನ್ನು ನೋಡಿದಳು. ನನ್ನನ್ನು ನೋಡಿದಳು.

"ಇದು ನಂದಿಬಟ್ಲು, ಅಣ್ಣಾರೆ." ಆಮೇಲೆ ಬಾವಿಯ ಪಕ್ಕದ ನುಣ್ಣನೆಯ ನೆಲದ ಕಡೆ ಕೈ ತೋರಿಸಿದಳು. "ತುಂಬೆ ಇದ್ದದ್ದು ಅಲ್ಲಿ."

ನನ್ನ ಕಾಲ ಕೆಳಗಿನ ಭೂಮಿ ಹರಿಹರ ಬಿಟ್ಟು ಹೊಳೆಗೆ ಇಳಿದ ಹಾಗಾಯಿತು! ಹದಿನೆಂಟು ಸಲ ತುಂಬೆ ತುಂಬೆ ಎಂದು ಬರೆದವನು ನಾನು ತುಂಬೆಯನ್ನು ನೋಡಿದ್ದು ಪೂಜೆಯ ಬುಟ್ಟಿಯಲ್ಲಿ ಮಾತ್ರ, ಬಿಡಿ ಹೂವಾಗಿ. ಗಿಡ ಹೇಗಿರುತ್ತದೆ ಎಂದು ಕೇಳುವ ಪ್ರಸಂಗವೇ ಬಂದಿರಲಿಲ್ಲ. ಅಂಜಿನವ್ವ ನಸುಕಿನಲ್ಲೇ ಒಂದೂ ಬಿಡದೆ ಹೂವು ಬಿಡಿಸಿದ್ದಳಲ್ಲ, ನನ್ನ ಕಣ್ಣಿಗೆ ಬಿದ್ದದ್ದು ಬೋಳು ಗಿಡ.

ಅಜ್ಜಿಗೆ ನಾನೇ ಹೇಳಬೇಕಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಆಫೀಸರನ ಹಾಗೆ ವಿಚಾರಣೆ ಮಾಡಿದಳು.

"ಎಷ್ಟು ಕಿತ್ತಿ?"

"ಎಲ್ಲಾ."

"ಬೇರು ಸೈತನಾ?"

"ಬೇರು ಉಳಿದರೆ ಮತ್ತೆ ಚಿಗುರ್ತಾವೆ ಅಂತ..."

"ಒಳ್ಳೇದು. ನಿಮ್ಮಪ್ಪ ಯಾವತ್ತೂ ಒಂದು ಕೆಲಸ ಪೂರ್ತಿ ಮಾಡಿದೋನಲ್ಲ. ನೀನು ಮಾಡಿದಿ." ಎಂದು ಅಂಜಿನವ್ವನ ಹೆಗಲು ಹಿಡಿದು ಎದ್ದು ಹೋಗಿ ಮಂಚದ ಮೇಲೆ ಮಲಗಿದಳು. ಗಂಜಿ ತಂದರೆ ಬೇಡವೆಂದಳು. ಗಂಜಿ ಇಲ್ಲದೆ ಮಾತ್ರೆ ಕೊಡುವ ಹಾಗಿಲ್ಲ. ಹತ್ತು ನಿಮಿಷಕ್ಕೊಮ್ಮೆ ಉಬ್ಬಸ ಏರುತ್ತಿತ್ತು, ಎದೆಯಲ್ಲಿ ತಿದಿ ಒತ್ತಿದ ಸದ್ದು. ಹೆಸರು ಅನ್ನಪೂರ್ಣಮ್ಮ, ಹೊಟ್ಟೆಯಲ್ಲಿ ಒಂದು ಅಗುಳಿಲ್ಲ! ಅಂಜಿನವ್ವ ಒಲೆಯ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತ, ಇವತ್ತು ಮಾತ್ರೆ ತಪ್ಪಿದರೆ ನಾಳೆ ಏನು ಗತಿ ಎಂದು ಒಲೆಯನ್ನೇ ಕೇಳುತ್ತಿದ್ದಳು. ನನಗೆ ಮೊದಲ ಸಲ ನಿಜವಾದ ಹೆದರಿಕೆಯಾಯಿತು.

ಆದರೂ ಸೋಲೊಪ್ಪುವ ಜಾತಿಯವನೇ ನಾನು? ಓಡಿದೆ ಹೊಳೆದಂಡೆಗೆ! ಅಂಜಿನವ್ವ ಹೇಳಿಕೊಟ್ಟ ಗುರುತು ಹಿಡಿದು ಹುಡುಕಿದರೆ, ಅಯ್ಯೋ, ಹೆಜ್ಜೆಗೊಂದು ತುಂಬೆ! ಬದುವಿನಲ್ಲಿ, ದಾರಿಯಲ್ಲಿ, ಕಲ್ಲಿನ ಸಂದಿನಲ್ಲಿ! ಮೂವತ್ತು ವರ್ಷ ಇವೆಲ್ಲ ನನ್ನಿಂದ ಎಲ್ಲಿ ಅಡಗಿದ್ದವೋ! ಜುಬ್ಬದ ಚುಂಗಿನ ತುಂಬ ಹೂವು ಬಿಡಿಸಿಕೊಂಡು, ಮೊಣಕಾಲವರೆಗೆ ಕೆಸರು ಮಾಡಿಕೊಂಡು ಬಂದು ಅಜ್ಜಿಯ ಮುಂದೆ ಸುರಿದೆ. ಬೇಕೆಂದರೆ ಮುನ್ನೂರು ಇದ್ದವು.

"ಯಾರು ನೀರು ಹಾಕಿದ್ದು ಇವಕ್ಕೆ?" ಅಂದಳು.

"ಯಾರೂ ಇಲ್ಲ. ಮಳೆ."

"ಹಂಗಾರೆ ಮಳೆರಾಯನ ಹರಕೆಗೆ ಆದಾವು. ನಾನು ಹೊತ್ತಿದ್ದು ನನ್ನ ಕೈಯಾಗೆ ನೀರುಂಡ ಗಿಡದ್ದು."

ನಾನು ವಾದಕ್ಕೆ ಇಳಿದೆ. ಕಾಯಿಲೆಯವರಿಗೆ ನಿಯಮದಲ್ಲಿ ಸಡಿಲಿಕೆ ಇರುತ್ತದೆ, ನಮ್ಮ ಗಿರಣಿಯಲ್ಲೂ ಇದೆ ಎಂದೆ. ಮಲ್ಲಿಗೆ ತರುತ್ತೇನೆ, ಸಾವಿರದ ಎಂಟು ತರುತ್ತೇನೆ ಎಂದೆ. ಕೊನೆಗೆ, ಶಿವ ಏನು ಹಾಜರಿ ಪುಸ್ತಕ ಇಟ್ಟುಕೊಂಡು ಕೂತಿರುತ್ತಾನೆಯೇ ಎಂದು ಕೇಳಿದೆ.

"ಶಿವ ಇಟ್ಟಿಲ್ಲ. ನಾನು ಇಟ್ಟೀನಿ," ಎಂದಳು ಅಜ್ಜಿ. ಅಷ್ಟು ಹೇಳುವುದಕ್ಕೇ ಆಕೆಗೆ ಮೂರು ಸಲ ಉಸಿರು ಎಳೆಯಬೇಕಾಯಿತು.

ಹನ್ನೊಂದು ಗಂಟೆ. ನಾನು ಜಗುಲಿಯ ಮೇಲೆ ತಲೆ ಹಿಡಿದು ಕೂತಿದ್ದೇನೆ. ಬಾಗಿಲಲ್ಲಿ ಜಟಕಾ ನಿಂತು, ಕೈಯಲ್ಲಿ ಬುತ್ತಿಯ ಗಂಟು ಹಿಡಿದು ಇಳಿದವಳು ಶಕುಂತಲಾ! ನಾನು ಹೇಳಿಕಳಿಸಿರಲಿಲ್ಲ. ಯಾಕೆ ಬಂದೆ ಎಂದು ಕೇಳಿದೆ.

"ನಿಮ್ಮನ್ನ ತೋಟದಾಗೆ ಬಿಟ್ಟು ಒಂದು ದಿನ ಆತಲ್ಲ. ಇಷ್ಟೊತ್ತಿಗೆ ಬೇಕಾಗಿರ್ತೀನಿ ಅನ್ನಿಸ್ತು."

ಕೆಸರಿನ ಜುಬ್ಬ, ಮಂಚದ ಮೇಲೆ ಅಜ್ಜಿ, ಒಲೆಯ ಮುಂದೆ ಅಂಜಿನವ್ವನ ಕೆಂಪು ಕಣ್ಣು, ಇಷ್ಟು ನೋಡಿದ ಮೇಲೆ ಅವಳಿಗೆ ವಿವರಿಸಿ ಹೇಳಬೇಕಾದದ್ದು ಹೆಚ್ಚಿರಲಿಲ್ಲ. ಹೇಳಿದೆ. ಅವಳು ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು. ಪಕ್ಕದಲ್ಲಿ ತೆರೆದಿದ್ದ ನೋಟುಬುಕ್ಕು ಎತ್ತಿಕೊಂಡು ಹನ್ನೆರಡು ನುಡಿಯನ್ನೂ ನಿಂತಲ್ಲೇ ಓದಿದಳು.

"ಅಷ್ಟೆಲ್ಲ ಕಿತ್ತೋರು, ಇದೊಂದನ್ನ ಯಾಕ ಬಿಟ್ರಿ?"

ಪತ್ರಿಕೆಗಳವರು ಇಷ್ಟು ವರ್ಷ ಹಾಕದ ಏಟು ಅದು! ಆದರೆ ನನಗೆ ನೋಯಿಸಿಕೊಳ್ಳಲೂ ಪುರಸೊತ್ತು ಕೊಡದೆ ಅವಳು ಎರಡನೆಯ ಪ್ರಶ್ನೆ ಕೇಳಿದಳು. "ಕಿತ್ತ ಗಿಡ ಎಲ್ಲಿ?"

ಬೆಳಗಿನಿಂದ ನನಗಾಗಲಿ ಅಂಜಿನವ್ವನಿಗಾಗಲಿ ಹೊಳೆಯದ ಪ್ರಶ್ನೆ! ಗೋಡೆಯಾಚೆ ಎಸೆದೆ, ಆಡುಗಳಿಗೆ, ಎಂದೆ. 'ಆಡುಗಳಿಗೆ' ಎನ್ನುವ ಮಾತು ನನ್ನ ಬಾಯಿಂದ ಹೊರಬಿದ್ದಾಗ ನನಗೇ ಅದರ ಅರ್ಥ ತಿಳಿಯಿತು.

ಮೂವರೂ ಹಿತ್ತಿಲಿಗೆ ಓಡಿದೆವು. ಮೋಟುಗೋಡೆಯ ಮೇಲಿಂದ ಇಣುಕಿದರೆ, ನಾಲ್ಕೂ ಆಡು ಸಾಲಾಗಿ ಮಲಗಿ ಮೆಲುಕು ಹಾಕುತ್ತಿವೆ. ಗೋಡೆಯ ಬುಡದಲ್ಲಿ ಒಂದು ಎಲೆಯಿಲ್ಲ. ಒಂದು ಆಡಂತೂ ನನ್ನನ್ನು ಗುರುತು ಹಿಡಿದ ಹಾಗೆ ನೋಡಿ, ಮುಖ ತಿರುಗಿಸಿ ಮೆಲುಕು ಮುಂದುವರಿಸಿತು. ನಾನು ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟೆ. ಶಿವನೇ, ಅಜ್ಜಿಯ ಪ್ರಾಣ ಆಡಿನ ಹೊಟ್ಟೆ ಸೇರಿತೆ!

ನಸುಕಿನಿಂದ ಊರು ಸುತ್ತಿ, ಖಾಲಿ ಹಾಲಿನ ಪಾತ್ರೆ ಹಿಡಿದು ರಹಮತ್ ಬೀ ಆಗತಾನೇ ಅಂಗಳಕ್ಕೆ ಬಂದಳು. ಅಜ್ಜಿಗಿಂತ ಹತ್ತು ವರ್ಷ ಚಿಕ್ಕವಳು, ಹಾಲು ಹಾಕಿ ಬದುಕುವವಳು. ಗೋಡೆಯ ಮೇಲೆ ಮೂರು ತಲೆ ನೋಡಿ ಪಾತ್ರೆ ಕೆಳಗಿಟ್ಟಳು.

"ನಿನ್ನೆ ಕೂಗಿದೆ ಬೇಟಾ, ಕೀಳಬ್ಯಾಡ ಅಂತ. ನೀನು ಹಾಡು ಹೇಳ್ಕೊಂತ ಇನ್ನೂ ಜೋರು ಮಾಡಿದಿ. ಸಂಜೆ ಬಾಗಿಲಿಗೆ ಬಂದೆ. ನಾಳೆ ಬಾ ಅಂದಿ." ಕಾವ್ಯದೇವಿ ಯಾರೆಂದು ನನಗೆ ಆಗ ತಿಳಿಯಿತು. ಶಕುಂತಲಾ ನನ್ನ ಕಡೆ ತಿರುಗಿ ನೋಡಲಿಲ್ಲ, ತಿರುಗುವ ಅಗತ್ಯವಿರಲಿಲ್ಲ.

"ಅರ್ಧ ಆಡು ತಿಂದ್ವು," ಎಂದಳು ರಹಮತ್ ಬೀ. "ಬಾಕಿ ತುಂಬೆ ನಾನು ಕಸ್ಕೊಂಡೆ. ಅಮ್ಮ ಸೊಂಟ ಹಿಡ್ಕೊಂಡು ನೀರು ಹಾಕೋದು ಈ ಗೋಡೆ ಮ್ಯಾಲಿಂದ ದಿನಾ ನೋಡೀನಲ್ಲ, ಬಾಯಿಗೆ ಬಿಡಾಕೆ ಮನಸ್ಸು ಬರಲಿಲ್ಲ."

ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಹಸಿಮಣ್ಣಿನ ಮೇಲೆ ಒಂದು ಹಳೆಯ ಸೀರೆ ಹೊದಿಸಿತ್ತು. ಅವಳು ಅದನ್ನು ಸರಿಸಿದಳು. ಕೆಳಗೆ ನನ್ನ ಕಳೆ! ಅರ್ಧಕ್ಕರ್ಧ ಗಿಡ, ಒತ್ತೊತ್ತಾಗಿ ನಟ್ಟು ನಿಲ್ಲಿಸಿದ್ದು, ಎಲೆ ಜೋಲು ಬಿದ್ದಿದ್ದರೂ ಬೋಳು ಗುಂಡುಗಳ ಸುತ್ತ ಬೆಳ್ಳಗೆ ಹೂವು ಕಣ್ಣು ಬಿಟ್ಟಿತ್ತು.

"ಹೂವು ನಾನು ಮುಟ್ಟಿಲ್ಲಮ್ಮಾ. ಅಮ್ಮನ ಪೂಜೆದು. ನೀವೇ ಬಿಡಿಸಿಕೊಳ್ರಿ."

ಶಕುಂತಲಾ ಸೆರಗು ಸಿಕ್ಕಿಸಿ ಗೋಡೆ ಹತ್ತಿ ಆಚೆಗೆ ಇಳಿದೇಬಿಟ್ಟಳು. ಬುಟ್ಟಿ ಒಳಗೆ ಉಳಿದಿತ್ತು. ಆದರೆ ಅವಳ ಕಂಕುಳಲ್ಲಿ ನನ್ನ ನೋಟುಬುಕ್ಕು ಇನ್ನೂ ಹಾಗೇ ಇತ್ತಲ್ಲ. ಪರ್ರೆಂದು ಒಂದು ಹಾಳೆ ಹರಿದಳು. ಪೊಟ್ಟಣ ಸುತ್ತಿದಳು. ಬೇರೆ ಹಾಳೆ ಖಾಲಿ ಇದೆ ಎಂದು ನಾನು ಹೇಳುವಷ್ಟರಲ್ಲಿ ಮೊದಲ ಹೂವು ಒಳಕ್ಕೆ ಬಿತ್ತು. ಹದಿನೆಂಟು ಸಲ ಬರೆದ ಮೇಲೆ, ನನ್ನ ಕವನದೊಳಗೆ ನಿಜವಾದ ತುಂಬೆ ಹೂವು ಬಿದ್ದದ್ದು ಅದೇ ಮೊದಲು!

ಅಂಜಿನವ್ವ ಗೋಡೆಯ ಈಚೆಯಿಂದ ಎಣಿಸುತ್ತಿದ್ದಳು. ನಲವತ್ತು ಆಯಿತು. ಎಪ್ಪತ್ತು ಆಯಿತು. ಗಿಡಗಳು ಮುಗಿಯುತ್ತ ಬಂದವು, ನನ್ನ ಉಸಿರೂ ಅಜ್ಜಿಯದರಂತೆ ಏರುತ್ತಿತ್ತು. ತಡೆಯಲಾರದೆ, ಆ ಮೂಲೆಯ ಗಿಡ ನೋಡು ಎಂದೆ. ಅಂಜಿನವ್ವನಿಗೆ ಎಣಿಕೆ ತಪ್ಪಿತು. ಪೊಟ್ಟಣ ಪೂರ್ತಿ ಸೆರಗಿಗೆ ಸುರಿದು ಒಂದರಿಂದ ಶುರು ಮಾಡಬೇಕಾಯಿತು. ಇವರ ಬಾಯಿಗೆ ಏನಾದರೂ ಕೊಡು ಎಂದು ಶಕುಂತಲಾ ಅಂಜಿನವ್ವನಿಗೆ ಹೇಳಿದಳು. ನಾನು ಟವಲಿನ ತುದಿ ಕಚ್ಚಿಕೊಂಡು ನಿಂತೆ. ತೊಂಬತ್ತಾರು. ನೂರು. ನೂರಾ ಮೂರಕ್ಕೆ ಬಂದು ನಿಂತಿತು. ಶಕುಂತಲಾ ಮೊದಲ ಗಿಡದಿಂದ ಮತ್ತೆ ಒಂದೊಂದೇ ಎಲೆ ಎತ್ತಿ ನೋಡುತ್ತ ಬಂದಳು. ರಹಮತ್ ಬೀ ಬಗ್ಗಿ ಬೆರಳು ತೋರಿಸಿದ ಕಡೆ ಎಲೆಯ ಅಡಿಯಲ್ಲಿ ನಾಲ್ಕು ಸಿಕ್ಕವು, ಇನ್ನೊಂದು ಕಡೆ ಇನ್ನೆರಡು. ನೂರಾ ಒಂಬತ್ತು!

ಒಳಗೆ ಹೋಗಿ ಶಕುಂತಲಾ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಅಜ್ಜಿಗೆ ಹೇಳಿದಳು. ನಮ್ಮ ಗಿಡ, ನಮ್ಮ ನೀರು, ಆದರೆ ಒಂದು ರಾತ್ರಿ ರಹಮತ್ ಬೀಯ ಮಣ್ಣಿನಲ್ಲಿ ಇದ್ದದ್ದು. ಮುಚ್ಚಿಡು ಎಂದು ನಾನು ಹಿಂದಿನಿಂದ ಸನ್ನೆ ಮಾಡುತ್ತಿದ್ದರೂ ಹೇಳಿದಳು. ಅಜ್ಜಿ ಪೊಟ್ಟಣದ ಕಡೆ ನೋಡಿದಳು. ರಹಮತ್ ಬೀ ಹೊಸಿಲಾಚೆ ಕೈಕಟ್ಟಿ ನಿಂತಿದ್ದಳು. ಅಂಜಿನವ್ವ ಗಂಜಿಯ ತಟ್ಟೆ ಹಿಡಿದೇ ನಿಂತಿದ್ದಳು.

"ಮನ್ಯಾಗೆ ಬೆಂಕಿ ಬಿದ್ದಾಗ ಮಗಳು ಪಕ್ಕದ ಮನ್ಯಾಗೆ ಒಂದು ರಾತ್ರಿ ಮಲಗಿ ಬಂದರೆ ಪರರ ಮಗಳು ಆಗ್ತಾಳೇನು?" ಎಂದಳು ಅಜ್ಜಿ. "ತಾ ಇಲ್ಲಿ. ರಹಮತ್ ಬೀ, ಕೂಡ್ರು, ಉಂಡು ಹೋಗುವಂತೆ."

ಆ ಬೆಂಕಿ ನಾನು! ಆದರೆ ಆಗ ನನಗೆ ಅದರ ಪರಿವೆ ಇರಲಿಲ್ಲ. ಅಜ್ಜಿ ಮಣೆಯ ಮೇಲೆ ಕೂತು, ಅಂಗೈಯ ಲಿಂಗಕ್ಕೆ ಒಂದೊಂದೇ ಹೂವು ಏರಿಸಿ, ನೂರಾ ಎಂಟು ಮುಗಿಸಿ, ಗಂಜಿಯ ಮೊದಲ ಗುಟುಕು ಬಾಯಿಗೆ ಇಟ್ಟಾಗ ಮಧ್ಯಾಹ್ನ ಒಂದೂಮುಕ್ಕಾಲು. ಆಕೆ ಮಾತ್ರೆ ನುಂಗಿದ್ದು ನೋಡಿ ನನಗೆ ಅಳು ಬಂತು. ನಾಚಿಕೆ ಬಿಟ್ಟು ಹೇಳುತ್ತೇನೆ, ಜುಬ್ಬದ ತೋಳಿನಲ್ಲಿ ಮುಖ ಒರೆಸಿಕೊಂಡು ಅತ್ತೆ, ತೋಳಿನ ಕೆಸರೆಲ್ಲ ಮುಖಕ್ಕೆ ಬಂತು.

ಸಂಜೆ ನನಗೆ ಶಿಕ್ಷೆ ಜಾರಿಯಾಯಿತು. ಮಂಚವನ್ನು ಹಿತ್ತಿಲ ಬಾಗಿಲಿಗೆ ಹಾಕಿಸಿಕೊಂಡು ಅಜ್ಜಿ ಉಸ್ತುವಾರಿಗೆ ಕೂತಳು. ಗಿಡಗಳನ್ನು ಗೋಡೆಯಾಚೆಯಿಂದ ಒಂದೊಂದಾಗಿ, ಮಣ್ಣು ಉದುರದ ಹಾಗೆ ಎರಡು ಕೈಯಲ್ಲಿ ಹಿಡಿದು ತಂದು, ಮತ್ತೆ ಅದೇ ಸಾಲಿನಲ್ಲಿ ನೆಡಬೇಕು. ನೀರಿನ ಚೊಂಬನ್ನು ಮಾತ್ರ ಆಕೆ ಕೈಯಲ್ಲಿ ಮುಟ್ಟಿ ಕೊಡುತ್ತಿದ್ದಳು. ಜುಬ್ಬದ ಬಣ್ಣ ಯಾವುದಿತ್ತೆಂದು ಹೇಳುವ ಸಾಕ್ಷಿ ಯಾರೂ ಉಳಿಯಲಿಲ್ಲ. ಐವತ್ತು ಗಿಡ ನೆಟ್ಟು ಸೊಂಟ ನೆಟ್ಟಗೆ ಮಾಡಲಾರದೆ ಅಲ್ಲೇ ಮಂಚದ ಕಾಲಿಗೆ ಒರಗಿ ಕೂತೆ. ಅಜ್ಜಿಯ ಉಸಿರು ಆಗ ಸ್ವಲ್ಪ ತಿಳಿಯಾಗಿತ್ತು. ಸಲಿಗೆಯಿಂದ ಕೇಳಿಬಿಟ್ಟೆ.

"ಅಲ್ಲ ಅಜ್ಜಿ, ಪ್ರಾಣ ಹೋದ್ರೂ ಬಿಡದೇ ಇರೋ ಇಂಥ ಹರಕೆ, ಯಾರಿಗೋಸ್ಕರ ಹೊತ್ತಿ?"

ಅಂಜಿನವ್ವನೂ ರಹಮತ್ ಬೀಯೂ ಮುಖ ಮುಖ ನೋಡಿಕೊಂಡರು. ಅವರಿಬ್ಬರಿಗೂ ಗೊತ್ತಿತ್ತು.

"ಹೋದ ಮಾಗಿಯಾಗೆ ನೀನು ಟೈಫಾಯ್ಡ್ ಜ್ವರದಾಗೆ ಮಲಗಿದ್ದಿಲ್ಲ? ಉಳಿಯೋದು ಕಷ್ಟ ಅಂತ ದಾವಣಗೆರೆಯಿಂದ ತಂತಿ ಬಂತು. ನನ್ನ ಮೊಮ್ಮಗ ಎದ್ದು, ತನ್ನ ಕಾಲ ಮ್ಯಾಲೆ ತಾನು ಓಡಾಡಿದರೆ ನಾನೇ ಬೆಳೆಸಿದ ತುಂಬೆಯಾಗೆ ಒಂದು ಶ್ರಾವಣ ಪೂಜೆ ಮಾಡ್ತೀನಿ ಅಂತ ಹೊತ್ತೆ." ಅಜ್ಜಿ ನನ್ನನ್ನು ತಲೆಯಿಂದ ಕೆಸರುಗಾಲಿನವರೆಗೆ ಒಮ್ಮೆ ನೋಡಿದಳು. "ಎದ್ದಿ. ಓಡಾಡಿದಿ. ನನ್ನ ಹಿತ್ತಿಲ ತನಕ ಬಂದಿ."

ಶಕುಂತಲಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಇವತ್ತಿಗೂ ನನಗೆ ಹೇಳಿಲ್ಲ. ನಾನು ಏನೂ ತೋಚದೆ ಅಜ್ಜಿಯ ಕಾಲು ಹಿಡಿದೆ. ಆಕೆ ನನ್ನ ತಲೆಯ ಮೇಲೆ ಕೈ ಇಟ್ಟಳು. ಕೂದಲಲ್ಲಿ ಸಿಕ್ಕಿಕೊಂಡಿದ್ದ ತುಂಬೆ ಎಲೆಯೊಂದನ್ನು ತೆಗೆದು ಪಕ್ಕಕ್ಕೆ ಇಟ್ಟಳು.

"ಇನ್ನೊಂದ್ಸಲ ನಿನಗೆ ಜ್ವರ ಬಂದರೆ ಬಿಲ್ವಪತ್ರೆಗೆ ಹೊರ್ತೀನಿ ತಗೋ. ಅದು ಮರ. ನಿನ್ನ ಕೈಲಿ ಕೀಳಾಕೆ ಆಗಲ್ಲ."